ತೆಪ್ಪಲ ಬೇಗ ಹಾಕಿದ ದಿನ

ಆಗೆಲ್ಲ ಕಾರವಾರದಲ್ಲಿ ಯಾರ ಮನೆಯಲ್ಲಿ ಯಾವ ಮೀನು ಎಂದು ತಿಳಿಯಲು ಬಾಗಿಲು ಬಡಿಯಬೇಕಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು, ನಾನು ಐದನೇ ಇಯತ್ತೆ. ಶಾಲೆ ಬಿಟ್ಟು ಶಿರವಾಡದ ನಮ್ಮ ಓಣಿಯಲ್ಲಿ ಬರುವಾಗ ನಾವು ಹುಡುಗಿಯರು ಕಣ್ಣು ಮುಚ್ಚಿ ಮೂಸುವ ಆಟ ಆಡುತ್ತಿದ್ದೆವು. ಇಲ್ಲಿ ತಾರ್ಲೆ ಹುರಿತಾ ಇದ್ದಾರೆ, ಅಲ್ಲಿ ಒಣಸಿಗಡಿ ಚಟ್ನಿ. ಜಗಳವಾದರೆ ತೀರ್ಪು ನನ್ನ ಆಯಿಯದು, ಅಂದರೆ ಅಮ್ಮನದು. ಮೆಟ್ಟಿಲ ಮೇಲೆ ನಿಂತು ಒಮ್ಮೆ ಉಸಿರೆಳೆದು, ಮೀನಿನ ಹೆಸರಿನ ಜೊತೆ ಹುಣಸೆ ಹೆಚ್ಚಾಗಿದೆ ಎನ್ನುವುದನ್ನೂ ಹೇಳಿಬಿಡುತ್ತಿದ್ದಳು. ಬೈತಖೋಲದಲ್ಲಿ ಮೀನು ಮಾರುವವರಿಗೆ ಅವಳೆಂದರೆ ಭಯ. ಅವಳು ಕಿವಿರು ಎತ್ತಿ ನೋಡುತ್ತಲೇ ಇರಲಿಲ್ಲ, ಬುಟ್ಟಿಯ ಪಕ್ಕ ಹಾದು ಹೋದರೆ ಸಾಕಿತ್ತು.

ಆ ಮಳೆಗಾಲ ಆಯಿಗೆ ಜ್ವರ ಬಂತು. ಹೋಗುವಾಗ ಅದು ಅವಳ ಮೂಗನ್ನೂ ಕೊಂಡೊಯ್ದಿತು. ಮೊದಲು ಹಾಲು ತಳ ಹಿಡಿಯಿತು, ಪಕ್ಕದ ಕೋಣೆಯಲ್ಲೇ ಇದ್ದವಳಿಗೆ ಗೊತ್ತಾಗಲಿಲ್ಲ. ನಾವು ನಕ್ಕೆವು. ಮರುವಾರ ಅವಳು ತಂದು ಮಾಡಿದ ಬಂಗಡೆ ಸಾರು ತಾಟಿಗೆ ಬಿದ್ದಾಗ ನಗು ಬರಲಿಲ್ಲ.

"ಆಯೀ, ಮೀನು ನಾರ್ತದೆ" ಎಂದ ತಮ್ಮ.

"ಸುಮ್ನೆ ಉಣ್ಣೋ" ಎಂದು ಅಪ್ಪ ತಲೆ ತಗ್ಗಿಸಿ ತುತ್ತು ನುಂಗುತ್ತಲೇ ಇದ್ದ.

ಆಯಿ ಅಪ್ಪನ ತಾಟು ನೋಡಿದಳು, ಅವನ ಮುಖ ನೋಡಿದಳು. ಪಾತ್ರೆ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದು ಬಂದಳು. "ನನ್ ಕೈಯ್ಯಾರೆ ಮಕ್ಕಳಿಗೆ ಎಂತ ಬಡಿಸ್ತೆ ಹೇಳೂದೇ ಗೊತ್ತಾಗೂದಿಲ್ಲ. ಇನ್ನು ನಾ ಒಲೆ ಮುಂದೆ ಹೋಗೂದಿಲ್ಲ" ಎಂದಳು. ಹೋಗಲೂ ಇಲ್ಲ. ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಸೌಟು ಹಿಡಿದ. ಅವನ ಅಡುಗೆಯ ಬಗ್ಗೆ ಹೆಚ್ಚು ಹೇಳಲಾರೆ, ಹೊಟ್ಟೆ ತುಂಬುತ್ತಿತ್ತು. ನನಗೆ ಅಳು ಬರುತ್ತಿದ್ದದ್ದು ಊಟಕ್ಕಲ್ಲ. ನನ್ನ ತಲೆ ಬಾಚುವಾಗ ಕೂದಲಿಗೆ ಮುಖ ತಾಗಿಸಿ "ಸೀಗೆಪುಡಿ ಸಾಲ್ಲಿಲ್ಲ" ಎನ್ನುತ್ತಿದ್ದ ಆಯಿ ಈಗ ಸುಮ್ಮನೆ ಜಡೆ ಹೆಣೆಯುತ್ತಿದ್ದಳು.

ಪಕ್ಕದ ಮನೆಯ ಗುಲಾಬಕ್ಕ ಹಳೆಯ ಬಾಟಲಿಯೊಂದನ್ನು ತಂದಳು. ತೆಪ್ಪಲ ಹಾಕಿ ಕಾಯಿಸಿದ ಎಣ್ಣೆ, ಹೋದ ವರ್ಷದ್ದು. "ಮೂಗಿಗೆ ಎರಡು ಹನಿ ಬಿಡು, ಬೀಗ ತೆಗ್ದ ಹಾಗೆ ಆಗ್ತದೆ." ತೆಪ್ಪಲ ಎಂದರೆ ಮುಳ್ಳುಮರದಲ್ಲಿ ಗೊಂಚಲಾಗಿ ಬಿಡುವ, ಬಟಾಣಿ ಗಾತ್ರದ ಹಸಿರು ಕಾಯಿ, ಅದಿಲ್ಲದೆ ನಮ್ಮಲ್ಲಿ ಬಂಗಡೆ ಸಾರೇ ಇಲ್ಲ. ಪುಣ್ಯಕ್ಕೆ ಆಯಿ ಬಾಟಲಿಯನ್ನು ಡಾಕ್ಟರಿಗೆ ತೋರಿಸಿದಳು.

"ಇದನ್ನ ಮೂಗಿಗೆ ಬಿಟ್ಟೀರಿ ಮತ್ತೆ! ಇಷ್ಟು ಹಳೇದು ಚರ್ಮಕ್ಕೇ ತುರಿಕೆ ತರ್ತದೆ" ಎಂದು ಡಾಕ್ಟರ್ ಗದರಿದರು. "ಗುರ್ತಿದ್ದ ವಾಸನೆ ಒಂದು ತಕ್ಕೊಳ್ಳಿ. ದೂರ ಹಿಡ್ದು ದಿನಾ ಮೂಸಿ. ಮೂಗು ತಿರುಗಿ ಬರಬಹುದು. ಬಂದೇ ಬರ್ತದೆ ಅಂತ ನಾ ಹೇಳೂದಿಲ್ಲ."

ಆ ದಿನದಿಂದ ಬೆಳಿಗ್ಗೆ ತೆಪ್ಪಲ ಮೂಸಿಸುವ ಕೆಲಸ ನನ್ನದಾಯಿತು. ಡಬ್ಬಿಯಲ್ಲಿದ್ದ ಒಣಕಾಯಿಯನ್ನು ಅಂಗೈಯಲ್ಲಿ ಉಜ್ಜಿ ಹಿಡಿಯುತ್ತಿದ್ದೆ. ಆಯಿ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು, ಕೊನೆಗೆ ಒಂದು ಸಿಪ್ಪೆ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದಳು. "ನಾಲಿಗೆ ಜುಮ್ ಅಂತದೆ ಮಗಾ. ಪರಿಮಳ ಮಾತ್ರ ಇಲ್ಲ." ಒಂದು ದಿನ ನಾನೇ ಮೂಸಿ ನೋಡಿದೆ. ಒಣಹುಲ್ಲಿನ ಹಾಗಿತ್ತು. ಡಬ್ಬಿಯ ಮುಚ್ಚಳ ಒಡೆದು ಪರಿಮಳವೆಲ್ಲ ಎಂದೋ ಹಾರಿಹೋಗಿತ್ತು.

"ಆಯೀ, ನಂಗೂ ಬರೂದಿಲ್ಲ!"

ಜ್ವರದ ನಂತರ ಅವಳು ನಕ್ಕದ್ದು ಅಂದೇ ಮೊದಲು.

ಚೌತಿಗೆ ರಾಮನಗುಳಿಯಿಂದ ಮಾವ, ಆಯಿಯ ಅಣ್ಣ, ಹಸಿ ತೆಪ್ಪಲದ ಗೊಂಚಲು ತಂದ. ಕೈತುಂಬ ಮುಳ್ಳು ಗೀರಿದ ಗಾಯ. ತಂಗಿಗಾಗಿ ತಾನೇ ಮರ ಹತ್ತಿದ್ದ. ನಾನು ಒಂದು ಕಾಯಿ ಒಡೆದೆ. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ಕಾಡು ಎಲ್ಲವೂ ಒಟ್ಟಿಗೆ ಮೂಗಿಗೆ ಬಡಿದವು. ಅಷ್ಟು ಜೋರಿದ್ದದ್ದು ಆಯಿಗೆ ಬರದೇ ಇದ್ದೀತೇ?

ಆಯಿ ಎಳೆದಳು. ಮತ್ತೊಮ್ಮೆ ಎಳೆದಳು. "ಇಲ್ಲಾ ಅಣ್ಣಾ" ಎಂದಳು. ಮಾವ ಎದ್ದು ಅಂಗಳಕ್ಕೆ ಹೋದ. ನನಗೂ ಸಾಕಾಗಿತ್ತು, ಆದರೂ ಬೆಳಗಿನ ಕೆಲಸ ಬಿಡಲಿಲ್ಲ. ಹಟದಲ್ಲಿ ನಾನು ಆಯಿಯ ಮಗಳೇ.

ಚೌತಿಯ ಸಸ್ಯಾಹಾರ ಮುಗಿಯಿತು. ಆ ಭಾನುವಾರ ಬೈತಖೋಲದಿಂದ ಅಪ್ಪ ಹೊಳೆಯುವ ಬಂಗಡೆ ತಂದ. ಆಯಿ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಮ್ಮ ಕಡೆ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು: ತೆಪ್ಪಲವನ್ನು ಬೀಜ ತೆಗೆದು, ಜಜ್ಜಿ, ಸಾರು ಇಳಿಸುವಾಗ ಹಾಕಿ ಮುಚ್ಚಳ ಮುಚ್ಚಬೇಕು. ಅಪ್ಪ ಮಸಾಲೆಯ ಜೊತೆಗೇ ಒಂದು ಮುಷ್ಟಿ ಸುರಿದು ದೊಡ್ಡ ಉರಿಯಲ್ಲಿ ಕುದಿಯಲು ಬಿಟ್ಟ. ಮನೆಯೆಲ್ಲ ಘಮಘಮ. ಹಾಗಲ್ಲ ಅಪ್ಪಾ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಿನಿಂದ ಕೂಗು ಕೇಳಿತು.

"ಯಾರದು, ತೆಪ್ಪಲ ಈಗ್ಲೇ ಹಾಕ್ದವ್ರು? ಪರಿಮಳ ಎಲ್ಲಾ ಹಿತ್ಲಿಗೆ ಬಂತು! ಸಾರಲ್ಲಿ ಎಂತ ಉಳೀತದೆ?"

ಅಪ್ಪ ಸೌಟು ಹಿಡಿದವನು ಹಿಡಿದ ಹಾಗೇ ನಿಂತ. ಒಗೆಯುವ ಸದ್ದೂ ನಿಂತಿತು. ಆಯಿ ಬಾಗಿಲಿಗೆ ಬಂದಳು, ಮೊಣಕೈವರೆಗೆ ಸಾಬೂನಿನ ನೊರೆ. ತಾನು ಏನು ಹೇಳಿದೆ ಎಂದು ಆಗಷ್ಟೇ ಅವಳಿಗೂ ತಿಳಿದಿತ್ತು. "ಬಂತು" ಎಂದಳು, "ಬಂತು ಮಗಾ." ಅಪ್ಪ ನಾಚಿಕೆಯಿಲ್ಲದೆ ನಮ್ಮ ಮುಂದೆಯೇ ಅತ್ತ. ಸಾರಿನಲ್ಲಿ ತೆಪ್ಪಲದ ಸುಳಿವೂ ಇರಲಿಲ್ಲ, ಅಂಥ ರುಚಿ ಮತ್ತೆಂದೂ ಉಂಡಿಲ್ಲ. ಸಂಜೆಯೇ ಆಯಿ ಒಲೆ ಮುಂದೆ ಕೂತು ಅಪ್ಪನನ್ನು ಅಲ್ಲಿಂದ ಓಡಿಸಿದಳು.

ಈಗ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ತೆಪ್ಪಲದ ಪರಿಮಳದಲ್ಲಿ ಲಿನಲೂಲ್ ಎಂಬುದೂ ಇದೆ, ಆಲ್ಕೋಹಾಲ್ ಬಳಗದ್ದು, ಕೊತ್ತಂಬರಿ ಬೀಜದಲ್ಲೂ ಮಲ್ಲಿಗೆಯಲ್ಲೂ ಇರುವಂಥದ್ದು ಎಂದು ಮಕ್ಕಳಿಗೆ ಹೇಳುತ್ತೇನೆ. ಬಿಸಿ ತಾಗಿದರೆ ಹಾರುತ್ತದೆ, ಗಾಳಿಯಲ್ಲಿ ಹಳತಾದರೆ ಚರ್ಮಕ್ಕೆ ಕಾಟ ಕೊಡುತ್ತದೆ. ಗುಲಾಬಕ್ಕನ ಬಾಟಲಿಯ ಕತೆಯನ್ನೂ ಹೇಳಿಬಿಡುತ್ತೇನೆ. ಹಿಡಿದಿಡಲಾಗದ ವಸ್ತು ಪರಿಮಳ, ನಮ್ಮ ಓಣಿಯ ಹಾಗೆ. ಅಲ್ಲೀಗ ಕಿಟಕಿಗಳು ಮುಚ್ಚಿರುತ್ತವೆ, ಯಾವ ಮನೆಯಲ್ಲಿ ಯಾವ ಮೀನೋ ಯಾರಿಗೂ ತಿಳಿಯದು. ಮಾವನೂ ಇಲ್ಲ, ಅವನು ಹತ್ತಿದ ಮರವೂ ಇಲ್ಲ. ಅದರ ಬುಡದಿಂದ ತಂದ ಒಂದು ಸಸಿ ಮಾತ್ರ ನನ್ನ ಹಿತ್ತಲಲ್ಲಿ ಮುಳ್ಳು ತುಂಬಿಕೊಂಡು ನಿಂತಿದೆ, ಹೋದ ವರ್ಷ ಮೊದಲ ಗೊಂಚಲು ಬಿಟ್ಟಿತು.

ಆಯಿ ನಮ್ಮಲ್ಲಿಗೆ ಬಂದಾಗ ಮೊದಲು ಬಂಗಡೆಯನ್ನೇ ಮಾಡುತ್ತೇನೆ. ಅವಳು ಜಗಲಿಯಲ್ಲಿ ಕೂತದ್ದು ನೋಡಿ, ಬೇಕೆಂದೇ ಒಂದು ತೆಪ್ಪಲ ಬೇಗ ಹಾಕುತ್ತೇನೆ. ಆಮೇಲೆ ಬೈಗುಳಕ್ಕಾಗಿ ಕಿವಿ ತೆರೆದು ಕಾಯುತ್ತೇನೆ.