ನಗು ಯಾರಿಗೆಂದು ಕೇಳುವ ತೀರ್ಥಪ್ರಸಾದ್

ಸಂಪಾಜೆಯ ಹೆದ್ದಾರಿಯಿಂದ ಮಂಜು ಇನ್ನೂ ಎದ್ದಿಲ್ಲ. ಹೊನ್ನಮ್ಮನ ಹೋಟೆಲಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸಪ್ಲೈಯರ್ ತೀರ್ಥಪ್ರಸಾದ್ ಬೆಂಚು ಒರೆಸಿ, ಬಾಯ್ಲರಿಗೆ ನೀರು ತುಂಬಿ, ಗ್ಲಾಸುಗಳನ್ನು ಬಿಸಿನೀರಿನಲ್ಲಿ ತೊಳೆದಿಡುತ್ತಾರೆ. ಕೊನೆಗೆ ಒಂದೇ ಒಂದು ಗ್ಲಾಸನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಕವುಚಿಡುತ್ತಾರೆ. ಮಡಿಕೇರಿ ಕಡೆಯ ಮೊದಲ ಬಸ್ಸಿನ ಸುಳಿವೇ ಇಲ್ಲ, ಆಗಲೇ ಆ ಜಾಗ ರಿಸರ್ವ್.

"ಅದು ದೇರಪ್ಪಣ್ಣನ ಗ್ಲಾಸು. ಬೇರೆ ಯಾರಿಗೂ ಕೊಡ್ಲಿಕ್ಕಿಲ್ಲ," ಎನ್ನುತ್ತಾರೆ, ಗಂಭೀರವಾಗಿ.

ಈ ಗ್ಲಾಸಿನ ಕಥೆ ಕೇಳಿದವರು ನಗದೇ ಇರುವುದು ಕಷ್ಟ. ದೇರಪ್ಪ ಎಸ್ಟೇಟುಗಳಿಗೆ ಆಳುಗಳನ್ನು ಸಾಗಿಸುವ ಜೀಪಿನ ಡ್ರೈವರ್. ಒಂದು ಬೆಳಿಗ್ಗೆ ಚಹಾ ಬರುವುದು ತಡವಾಯಿತು. ಮನುಷ್ಯನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಅವಸರ ಇಲ್ಲ ಮಾರಾಯ, ನಾಳೆ ಕೊಟ್ರೂ ಆಗ್ತದೆ!" ಎಂದು ಕುಟುಕಿ ಎದ್ದುಹೋದರು. ಬೇರೆ ಸಪ್ಲೈಯರ್ ಆಗಿದ್ದರೆ ಬೆನ್ನ ಹಿಂದೆ ಮುಖ ಸಿಂಡರಿಸಿ ಮರೆತುಬಿಡುತ್ತಿದ್ದ. ತೀರ್ಥಪ್ರಸಾದ್ ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಚಹಾ ತಂದಿಟ್ಟು ಪಕ್ಕದಲ್ಲೇ ನಿಂತರು. ಆರಿದ್ದನ್ನು ಚೆಲ್ಲಿ ಮತ್ತೆ ಬಿಸಿಯದನ್ನು ತಂದಿಟ್ಟರು.

"ಆ ದಾರಿಯಲ್ಲಿ ಹೋಗ್ತಾ ನೋಡ್ತೇನೆ, ಇವ ನನ್ನ ಕುರ್ಚಿ ಕಾಯ್ತಾ ನಿಂತಿದ್ದಾನೆ. ಯಾರಿಗೆ ಮಾರಾಯ ಚಹಾ ಅಂದೆ. ನಿಮಗೇ, ನಾಳೆ ಅಂದಿದ್ರಲ್ಲ ಅಂದ. ನಾನು ಸಿಟ್ಟಲ್ಲಿ ಹೇಳಿದ್ದು, ಇವ ಆರ್ಡರ್ ತಗೊಂಡಿದ್ದಾನೆ! ಕುಡಿಯದೆ ಹೋಗ್ಲಿಕ್ಕೆ ಮನಸ್ಸು ಬರ್ಲಿಲ್ಲ," ಎನ್ನುತ್ತಾರೆ ದೇರಪ್ಪ. ಅಂದಿನಿಂದ ಅವರ ಜೀಪು ಇಲ್ಲಿ ನಿಲ್ಲದೆ ಮುಂದೆ ಹೋಗಿಲ್ಲ.

ತೀರ್ಥಪ್ರಸಾದ್‌ಗೆ ಸ್ಕಿಝೋಫ್ರೇನಿಯಾ ಇದೆ. ಮೊದಲು ರಬ್ಬರ್ ಮರಗಳಿಂದ ಹಾಲಿಳಿಸುವ ಟ್ಯಾಪಿಂಗ್ ಕೆಲಸ ಮಾಡುತ್ತಿದ್ದರು. ಹರೆಯದಲ್ಲೇ ಕಿವಿಯಲ್ಲಿ ಇಲ್ಲದ ದನಿಗಳು ಕೇಳಿಸತೊಡಗಿದವು. ಮಾತ್ರೆ ಶುರುವಾದ ಮೇಲೆ ದನಿಗಳು ಅಡಗಿದವು. ಆದರೆ ಎದುರಿನವರು ತಮಾಷೆ ಮಾಡುತ್ತಿದ್ದಾರೋ, ಬೇಸರದಲ್ಲಿದ್ದಾರೋ ಎಂಬುದು ಮುಖ ನೋಡಿ ತಿಳಿಯುವುದು ಮಾತ್ರ ಇಂದಿಗೂ ಕಷ್ಟ. ಅದರಲ್ಲೂ ನಗು. ಯಾರೇ ನಕ್ಕರೂ ಅದು ತನ್ನನ್ನೇ ನೋಡಿ ನಕ್ಕದ್ದು ಅನ್ನಿಸಿಬಿಡುತ್ತದೆ. ಹಿಂದೆ ಕೆಲಸಕ್ಕಿದ್ದ ಒಂದು ಹೋಟೆಲಿನಲ್ಲಿ ಹೀಗೇ ಯಾರೋ ನಕ್ಕರೆಂದು ಟ್ರೇಯನ್ನು ನೆಲದ ಮೇಲಿಟ್ಟು ನಡೆದುಬಿಟ್ಟಿದ್ದರು. ಆಮೇಲೆ ತಿಂಗಳುಗಟ್ಟಲೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಸ್ನಾನಕ್ಕೂ ಅಮ್ಮ ಗೋಗರೆಯಬೇಕಿತ್ತು.

ಅಲ್ಲಿಂದ ಎಬ್ಬಿಸಿ ತಂದವರು ದೂರದ ಸಂಬಂಧದಲ್ಲಿ ಅಕ್ಕನಾಗುವ ಹೊನ್ನಮ್ಮ. ಈ ಹೆಂಗಸಿನ ಬಾಯಿ ಜೋರು, ಕರುಳು ಮೆತ್ತಗೆ. "ಓಡಿ ಹೋಗ್ಬೇಡ. ಸಂಶಯ ಬಂದ್ರೆ ನನ್ನತ್ರ ಬಂದು ಕೇಳು ಅಂತ ಹೇಳಿದ್ದೆ. ಅಷ್ಟೇ ನಾನು ಮಾಡಿದ್ದು," ಎನ್ನುತ್ತಾರೆ ಗೋಳಿಬಜೆ ಎಣ್ಣೆಗೆ ಬಿಡುತ್ತಾ. ಆ ಒಪ್ಪಂದ ಇನ್ನೂ ನಡೆಯುತ್ತಿದೆ. ಯಾವುದೋ ಮೇಜಿನಲ್ಲಿ ನಗು ಸಿಡಿದರೆ ತೀರ್ಥಪ್ರಸಾದ್ ಅಡುಗೆಮನೆ ಬಾಗಿಲಿಗೆ ಬಂದು, "ಅಕ್ಕ, ಅದು ನಂಗೆಯಾ?" ಎಂದು ಕೇಳುತ್ತಾರೆ. ಹೊನ್ನಮ್ಮ ಕತ್ತು ಚಾಚಿ ನೋಡಿ, "ಅಲ್ಲ, ಅವರವರದ್ದು," ಎನ್ನುತ್ತಾರೆ. ಟ್ರೇ ಮತ್ತೆ ಹೊರಡುತ್ತದೆ.

ಹಾಗಾದರೆ ಅಕ್ಕ ಇಲ್ಲದ ದಿನ? ಹೋದ ವರ್ಷ ಅದೂ ಬಂತು. ಹೊನ್ನಮ್ಮನಿಗೆ ಸುಳ್ಯದಲ್ಲಿ ಕಣ್ಣಿನ ಆಪರೇಷನ್. ಬಾಗಿಲು ಹಾಕೋಣ ಎಂದು ಅವರೆಂದರೆ, ಬೇಡ, ಚಹಾ ಮತ್ತು ಬನ್ಸ್ ಆದರೂ ಕೊಡುತ್ತೇನೆ ಎಂದು ಇವರು ಹಟ ಹಿಡಿದರು. ಬೆಳಿಗ್ಗೆ ಎಲ್ಲ ಸುಸೂತ್ರ. ಆಮೇಲೆ ಮದುವೆಗೆ ಹೊರಟ ಒಂದು ಜೀಪು ನಿಂತಿತು. ಇಳಿದವರು ಕೂತರು, ಚಹಾ ಹೇಳಿದರು, ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಭ್ಯಾಸ ಬಲದಿಂದ ಅಡುಗೆಮನೆಗೆ ಹೋದೆ. ಅಕ್ಕ ಇಲ್ಲ. ಹಿಂದಿನ ಬಾಗಿಲು ತೆರೆದೇ ಇತ್ತು. ಅದರಲ್ಲಿ ಹೋದ್ರೆ ನಾನು ಮತ್ತೆ ಬರುದಿಲ್ಲ ಅಂತ ನಂಗೆ ಗೊತ್ತಿತ್ತು," ಎಂದು ನೆನಪಿಸಿಕೊಳ್ಳುತ್ತಾರೆ. ಎಷ್ಟು ಹೊತ್ತು ಅಲ್ಲೇ ನಿಂತರೋ ಅವರಿಗೂ ತಿಳಿಯದು. ಕೊನೆಗೆ ತಿರುಗಿ ನೇರ ಆ ಮೇಜಿಗೇ ಹೋಗಿ ಕೇಳಿದರು: "ನೀವು ನಗುದು ನನ್ನನ್ನು ನೋಡಿಯಾ?"

ಕೊಡವ ಗಂಡಸರ ಉದ್ದ ನಿಲುವಂಗಿ ಕುಪ್ಪಸ ತೊಟ್ಟು ಪೇಟ ಸುತ್ತಿದ್ದ ಹಿರಿಯರೊಬ್ಬರು ನಿಧಾನವಾಗಿ ಮೇಜಿನಡಿಯಿಂದ ಕಾಲು ಹೊರಗಿಟ್ಟರು. ಒಂದರಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಹೆಂಡತಿಯದು. ಕತ್ತಲಲ್ಲಿ ಅವಸರದಿಂದ ಹೊರಟಿದ್ದರು. "ನಿನ್ನನ್ನಲ್ಲಪ್ಪ, ಇದನ್ನು!" ಎಂದರು. ಆ ಪುಟ್ಟ ಚಪ್ಪಲಿಯಿಂದ ಹೊರಚಾಚಿದ್ದ ಹಿಮ್ಮಡಿ ನೋಡಿ ತೀರ್ಥಪ್ರಸಾದ್‌ಗೇ ನಗು ತಡೆಯಲಾಗಲಿಲ್ಲ. ಸಂಜೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಿಳಿದ ಹೊನ್ನಮ್ಮನಿಗೆ ಹೋಟೆಲಿನ ಬಾಗಿಲು ತೆರೆದಿರುವುದು ಒಂದೇ ಕಣ್ಣಲ್ಲಿ ಕಂಡಿತು. ಅಳಬಾರದು ಎಂದು ಡಾಕ್ಟರು ಹೇಳಿದ್ದರಂತೆ, ಆದರೂ ಅತ್ತರು.

ಈಗ ತೀರ್ಥಪ್ರಸಾದ್ ಸಂಶಯ ಬಂದರೆ ಎದುರಿನವರನ್ನೇ ಕೇಳುತ್ತಾರೆ. ಬೇಸರವಾ? ಚಹಾ ನಿಜವಾಗಿಯೂ ಬೇಡವಾ? ಹೊಸಬರು ಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ಉತ್ತರ ಕೊಡುತ್ತಾರೆ. ಹೊನ್ನಮ್ಮನ ಬಳಿಗೆ ಓಡುವ ದಿನಗಳೂ ಇವೆ, ಯಾರೂ ಬೇಸರಿಸುವುದಿಲ್ಲ. ಏನಾಸೆ ಎಂದು ಕೇಳಿದರೆ ನಾಚುತ್ತಾರೆ. "ಎಲ್ರೂ ತಮಾಷೆ ಮಾಡ್ತಾರೆ. ಒಂದ್ಸಲ ನಾನೂ ಮಾಡ್ಬೇಕು."

ಮಾತು ಮುಗಿಯುವಷ್ಟರಲ್ಲಿ ಜೀಪಿನ ಹಾರ್ನ್. ಮೊದಲ ಬಸ್ಸಿನವರಿಂದ ಹೋಟೆಲು ತುಂಬಿದೆ. ದೇರಪ್ಪ ಕಿಟಕಿ ಪಕ್ಕ ಕೂತು, "ಏನು ಪ್ರಸಾದ, ನನ್ನ ಚಹಾ ಎಲ್ಲಿ?" ಎಂದು ಗದರುತ್ತಾರೆ. ತೀರ್ಥಪ್ರಸಾದ್ ಎದುರು ಬಂದು ನಿಲ್ಲುತ್ತಾರೆ. ಒಂದು ಕೈ ಬೆನ್ನ ಹಿಂದೆ, ಆ ಕೈಯಲ್ಲಿ ಹಬೆಯಾಡುವ ಗ್ಲಾಸು. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

"ಅಣ್ಣ, ನಾಳೆ ಕೊಟ್ರೆ ಆಗ್ತದಾ?"

ಮರುಕ್ಷಣ ದೇರಪ್ಪ ಮೇಜು ಬಡಿದು ನಗುವ ಸದ್ದಿಗೆ ಹೋಟೆಲಿಡೀ ಗೊಳ್ಳೆನ್ನುತ್ತದೆ.

"ಎಂಥದು ನಗು ಅಲ್ಲಿ?" ಒಳಗಿನಿಂದ ಹೊನ್ನಮ್ಮನ ಕೂಗು.

ತೀರ್ಥಪ್ರಸಾದ್ ಗ್ಲಾಸನ್ನು ಮೇಜಿನ ಮೇಲಿಟ್ಟು ಅಡುಗೆಮನೆಯತ್ತ ತಿರುಗುತ್ತಾರೆ. ಈ ಸಲ ಕೇಳುವುದಕ್ಕಲ್ಲ.

"ಅದು ನಂಗೆ ಅಕ್ಕ! ನಾನೇ ನಗಿಸಿದ್ದು!"