ಸುಣ್ಣದ ಗೆರೆಯ ಮನೆ

ಮೇಡಂ ಅವರ ಬಲಗೈ ಹೆಬ್ಬೆಟ್ಟಿಗೆ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಸುಣ್ಣದ ಪುಡಿ ಹಿಡಿದೂ ಹಿಡಿದೂ ಆ ಹೆಬ್ಬೆಟ್ಟು, ಅದರ ಪಕ್ಕದ ಎರಡು ಬೆರಳು ನುಣ್ಣಗೆ ಸವೆದು ಬೆಳ್ಳಗಾಗಿದ್ದವು. ಕಾಲೇಜಿಗೆ ಬೆರಳೊತ್ತುವ ಹಾಜರಿ ಮಷಿನ್ ಬಂದಮೇಲೆ ನಮಗೆ ಬೆಳಬೆಳಗ್ಗೆ ಪುಕ್ಕಟೆ ಮನರಂಜನೆ. ಅವರು ಬೆರಳು ಒತ್ತುವರು, ಅದು ಕೆಂಪು ದೀಪ ತೋರಿಸುವುದು. ಸೆರಗಿಗೆ ಬೆರಳು ಒರೆಸಿ ಮತ್ತೆ ಒತ್ತುವರು, ಮತ್ತೆ ಕೆಂಪು. "ಇಡೀ ಹೊಸಪೇಟಿಗೆ ನಾ ಯಾರಂತ ಗೊತ್ತೈತಿ, ಈ ಡಬ್ಬಿಗೊಂದು ಗೊತ್ತಿಲ್ಲ ನೋಡ್ರಿ" ಎಂದು ಬೈದು, ಹಳೆಯ ಪುಸ್ತಕದಲ್ಲಿ ಸಹಿ ಹಾಕಿ ಕ್ಲಾಸಿಗೆ ಬರುತ್ತಿದ್ದರು.

ನಾನು ಸಿವಿಲ್ ಡಿಪ್ಲೊಮಾ ಓದುತ್ತಿದ್ದ ಕಾಲವದು. ಮನೆಯ ನಕ್ಷೆ ತೆಗೆಯುವುದನ್ನೂ ಖರ್ಚಿನ ಅಂದಾಜು ಹಾಕುವುದನ್ನೂ ಅವರೇ ಕಲಿಸುತ್ತಿದ್ದರು. ಪುಸ್ತಕದಲ್ಲಿ ಮೊದಲು ನಕ್ಷೆ, ಆಮೇಲೆ ಅಂದಾಜು. ಇವರದು ಪೂರ್ತಿ ಉಲ್ಟಾ. ಮನೆಯವರ ಕೈಯಲ್ಲಿ ಎಷ್ಟಿದೆ ಎಂದು ಕೇಳದೆ ಪೆನ್ಸಿಲ್ ಮುಟ್ಟಿದರೆ ಪೆನ್ಸಿಲ್ ಕಸಿದುಕೊಳ್ಳುತ್ತಿದ್ದರು. "ಹಾಸಿಗಿ ಇದ್ದಷ್ಟು ಕಾಲು ಚಾಚಂತ ಹಿರ್ಯಾರು ಹೇಳ್ಯಾರ. ನೀವು ಕಾಲು ಚಾಚಿ ಮಲಗಿ, ಆಮ್ಯಾಲ ಹಾಸಿಗಿ ಹುಡುಕಾಕ ಹೊಂಟೀರಿ" ಎನ್ನುವರು.

ಪ್ರತಿ ವರ್ಷ ಊರಿನಲ್ಲಿ ಮನೆ ಕಟ್ಟಲು ಹೊರಟ ಒಂದು ನಿಜವಾದ ಕುಟುಂಬ ನಮ್ಮ ಪಾಠವಾಗುತ್ತಿತ್ತು. ಆ ಮನೆಯವರು, ಅವರು ಗೊತ್ತುಮಾಡಿದ, ಗೋಡೆ ಕಟ್ಟುವ ಗೌಂಡಿ, ನಲ್ಲಿ ಕೆಲಸದವನು, ವೈರಿಂಗಿನವನು, ಜೊತೆಗೆ ನಾವು, ಎಲ್ಲರೂ ಕಾಲೇಜು ಮೈದಾನದ ಬೇವಿನ ಮರದಡಿ ಒಂದೇ ಜಮಖಾನೆಯ ಮೇಲೆ ಕೂರಬೇಕು. ಮಾತು ಒಂದು ಹಂತಕ್ಕೆ ಬಂದಮೇಲೆ ಮೇಡಂ ಸೆರಗು ಸಿಕ್ಕಿಸಿ, ಬುಟ್ಟಿಯಲ್ಲಿ ಸುಣ್ಣದ ಪುಡಿ ಹಿಡಿದು, ಬಗ್ಗಿ, ಹಿಂದೆ ಹಿಂದೆ ನಡೆಯುತ್ತ, ರಂಗೋಲಿ ಬಿಟ್ಟಹಾಗೆ ಗೋಡೆಗಳನ್ನು ಎಳೆಯುವರು. ಕಾಗದದ ಮೇಲಿನ ಪುಟ್ಟ ಮನೆಯಲ್ಲ. ಎಷ್ಟಿರಬೇಕೋ ಅಷ್ಟೇ ಉದ್ದಗಲದ ಮನೆ. ದಾರ ಹಿಡಿಯುತ್ತಿರಲಿಲ್ಲ. ಹುಡುಗರು ಅವರ ಬೆನ್ನ ಹಿಂದೆ ಕಳ್ಳತನದಲ್ಲಿ ದಾರ ಎಳೆದು ನೋಡುವರು. ಗೆರೆ ಒಂದು ಕೂದಲೂ ಆಚೀಚೆ ಇರುತ್ತಿರಲಿಲ್ಲ. ನಾನೂ ಎಳೆದು ನೋಡಿದವಳೇ. ಈ ಹೆಂಗಸಿನ ಕಣ್ಣಲ್ಲಿ ಏನಿದೆಯಪ್ಪಾ ಎಂದು ಮೈ ಜುಮ್ಮೆಂದಿತ್ತು.

ಒಮ್ಮೆ ನಮ್ಮನ್ನು ಹಂಪಿ ಬಜಾರಿಗೆ ಕರೆದುಕೊಂಡು ಹೋದರು. ಪ್ರವಾಸಿಗಳು ಗೋಪುರದ ಕಡೆ ಮುಖ ಎತ್ತಿಕೊಂಡಿದ್ದರೆ ಮೇಡಂ ನಮ್ಮನ್ನು ಸಾಲುಮಂಟಪದ ನೆರಳಿಗೆ ಎಳೆದು, ಕಂಬದಿಂದ ಕಂಬಕ್ಕೆ ಅಳೆಯಿಸಿದರು. "ಅಂಗಡಿ ಅಗಲ ಯಾರು ತೀರ್ಮಾನ ಮಾಡಿದ್ರು? ಸಿಕ್ಕ ಕಲ್ಲಿನ ಉದ್ದ. ಕಲ್ಲು ಒಡದಾವ, ಹೊತ್ತಾವ, ನಿಲ್ಲಿಸಿದಾವ, ಅಂಗಡಿ ಇಟ್ಟಾವ, ಇಷ್ಟೂ ಮಂದಿ ಒಂದ ಮಾತಿಗೆ ಬಂದಿದ್ದಕ್ಕ ಇದು ಇನ್ನೂ ನಿಂತೈತಿ." ಅಷ್ಟು ಸಲ ನೋಡಿದ ಹಂಪಿಯನ್ನು ಅವತ್ತು ಮೊದಲ ಸಲ ಕಂಡೆ.

ಅವರಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ಚಹಾ ತಣ್ಣಗಿದ್ದರೂ ಸಿಟ್ಟು, ಗೆರೆ ತುಳಿದರಂತೂ ಕೇಳುವುದೇ ಬೇಡ. ಇನ್ನೊಂದು ಅಭ್ಯಾಸವಿತ್ತು, ಅದಕ್ಕೆ ಅಂಜಿಯೇ ಕೆಲವು ಮನೆಯವರು ಅವರ ಹತ್ತಿರ ಬರುತ್ತಿರಲಿಲ್ಲ. ನಕ್ಷೆ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಕೇಳುವರು: "ಈ ಮನ್ಯಾಗಿಂದ ಹೆಣ ಹೆಂಗ ಹೊರಗ ಒಯ್ತೀರಿ?"

ನಮ್ಮ ಕೊನೆಯ ವರ್ಷ ಅವರು ಪಾಠಕ್ಕೆ ಆರಿಸಿದ್ದು ನಮ್ಮದೇ ಮನೆಯನ್ನು. ನನ್ನನ್ನು ಒಂದು ಮಾತು ಕೇಳಲಿಲ್ಲ. ನೇರ ಚಿತ್ತವಾಡ್ಗಿಯ ನಮ್ಮ ಮನೆಗೇ ಬಂದು ಅವ್ವನನ್ನು ಕೇಳಿದರು. ಅಪ್ಪ ಸಂಡೂರಿನ ಕಡೆ ಅದಿರು ಲಾರಿ ಓಡಿಸುತ್ತಿದ್ದ. ಬೆನ್ನು ಕೈಕೊಟ್ಟು ಕೆಲಸ ಬಿಟ್ಟಾಗ ಒಂದಿಷ್ಟು ಗಂಟು ಕೈಗೆ ಬಂದಿತ್ತು. ಅವ್ವ ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುತ್ತಿದ್ದಳು. ನಾವಿದ್ದದ್ದು ಸ್ವಂತ ಜಾಗದ ತಗಡಿನ ಮನೆ. ಅದನ್ನು ಕೆಡವಿಯೇ ಹೊಸದು ಕಟ್ಟಬೇಕು. ನಮ್ಮ ಓಣಿಯಲ್ಲೇ ದೊಡ್ಡ ನಕ್ಷೆ ಹಿಡಿದು ಶುರುಮಾಡಿ, ನಡುವೆ ಹಣ ಮುಗಿದು, ಕಂಬಗಳ ನೆತ್ತಿಯಲ್ಲಿ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತ ನಿಂತ ಮನೆಗಳಿದ್ದವು. ನಮ್ಮದೂ ಹಾಗೆ ನಿಂತರೆ ತಗಡೂ ಇಲ್ಲ, ತಾರಸಿಯೂ ಇಲ್ಲ. ಅವ್ವನಿಗೆ ರಾತ್ರಿ ನಿದ್ದೆ ಕೆಡಿಸುತ್ತಿದ್ದದ್ದು ಅದೊಂದೇ ಭಯ.

ನಕ್ಷೆ ನನ್ನದು. ಮುಂದೆ ಕಮಾನಿನ ವರಾಂಡ, ಅದು ಅಪ್ಪನ ಆಸೆ. ಒಳಗೆ ಬರುತ್ತಲೇ ಬಳುಕಿ ಮೇಲೇರುವ ಮೆಟ್ಟಿಲು, ಅದು ನನ್ನ ಆಸೆ. ಮೆಟ್ಟಿಲನ್ನು ಬಳಸಿ ಒಂದು ತಿರುವು ದಾಟಿದರೆ ನಡುಮನೆ. ಅಂದಾಜು ಹಾಕಿದರೆ ಗಂಟಿಗಿಂತ ಬಹಳ ಮೇಲೆ ಹೋಯಿತು. ಜಮಖಾನೆಯ ಮೇಲೆ ಕೂತವರೆಲ್ಲ ಒಬ್ಬರ ಮೇಲೊಬ್ಬರು ಬೆರಳು ತೋರಿಸತೊಡಗಿದರು. ವೈರಿಂಗ್ ಕಡಿಮೆ ಮಾಡಿ ಎಂದ ಗೌಂಡಿ. ಇಟ್ಟಿಗೆ ಕಡಿಮೆ ಮಾಡಿ ಎಂದ ವೈರಿಂಗಿನವನು. ಅಡುಗೆಮನೆ ಚಿಕ್ಕದಾಗಲಿ ಎಂದೆ ನಾನು.

"ಸಾಕು ಬಿಡ್ರಿ," ಎಂದರು ಮೇಡಂ. "ಮಂದಿ ಉಣ್ಣೋ ಎಲಿಗೆ ಕೈ ಹಾಕಬ್ಯಾಡ್ರಿ. ನಿಮ್ಮ ನಿಮ್ಮ ಎಲ್ಯಾಗಿಂದ ಏನು ತೆಗೀತೀರಿ, ಅದನ್ನ ಹೇಳ್ರಿ."

ಅವ್ವ ಮೆಲ್ಲಗೆ, "ನಾ ಬೇಕಂದ್ರ ಹೊರಗ ಕುಂತ ರೊಟ್ಟಿ ಬಡೀತೀನ್ರಿ," ಎಂದಳು.

"ನೀವು ಸುಮ್ಕ ಕುಂದ್ರಿ ಅಕ್ಕಾರ. ನೀವು ಜನ್ಮಪೂರ್ತಿ ಬಿಟ್ಟಿದ್ದ ಸಾಕು."

ಅಷ್ಟು ಹೇಳಿ ಎದ್ದವರು ನನ್ನ ನಕ್ಷೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಎಳೆದರು. ಆಮೇಲೆ ಕ್ಲಾಸಿನಿಂದ ಒಂದು ಬೆಂಚು ತರಿಸಿದರು. ಯಾಕೆ ಎಂದು ನಾವು ಯೋಚಿಸುವಷ್ಟರಲ್ಲಿ ಸೀರೆ ಸರಿಮಾಡಿಕೊಂಡು ಅದರ ಮೇಲೆ ಉದ್ದಕ್ಕೆ ಮಲಗಿ, ಎರಡೂ ಕೈ ಎದೆಯ ಮೇಲಿಟ್ಟು, ಕಣ್ಣು ಮುಚ್ಚಿಬಿಟ್ಟರು.

"ನಾ ಸತ್ತೀನಿ. ನಡುಮನ್ಯಾಗಿಂದ ಹೊರಗ ಒಯ್ರಿ. ಗೆರಿ ತುಳದ್ರ ನೋಡ್ರಿ ಮತ್ತ!"

ನಾಲ್ಕು ಹುಡುಗರು ನಗು ತಡೆದುಕೊಂಡು ಬೆಂಚು ಎತ್ತಿದರು. ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡರು. ಮುಂದೆ ಹೋದರೆ ಗೋಡೆ ತುಳಿಯಬೇಕು, ಹಿಂದೆ ಸರಿದರೆ ಮೆಟ್ಟಿಲು. ಕೊನೆಗೆ ಬೆಂಚನ್ನು ಓರೆ ಮಾಡಿದರು. ಹೆಣ ಜಾರಿ, ಪಟ್ಟನೆ ಬೆಂಚಿನ ಅಂಚು ಹಿಡಿದು ಚೀರಿತು: "ಸತ್ತಾಕಿನ್ನ ಹಿಂಗ ಓರಿ ಮಾಡ್ತೀರೇನ್ಲೇ!"

ಮೈದಾನವೆಲ್ಲ ನಕ್ಕಿತು. ಅವ್ವ ನಗಲಿಲ್ಲ. ಎದ್ದು ನಿಂತು, ಕಣ್ಣಲ್ಲಿ ನೀರು ತಂದುಕೊಂಡು, "ಇನ್ನೂ ಪಾಯಾನ ತೋಡಿಲ್ಲರಿ, ಈಗ ಹೆಣದ ಮಾತ್ಯಾಕ? ಚಲೋ ಮಾತು ಆಡ್ರಿ ಮೇಡಮ್ಮಾರ," ಎಂದಳು.

ಮೇಡಂ ಬೆಂಚಿನಿಂದ ಇಳಿದು ಅವ್ವನ ಕೈ ಹಿಡಿದುಕೊಂಡರು. "ಅಕ್ಕಾರ, ಹೆಣ ಹೊರಗ ಹೋಗುವಷ್ಟು ಜಾಗಾ ಇದ್ರ ಬಾಣಂತಿ ಮಂಚಾನೂ ಒಳಗ ಬರತೈತಿ. ಬ್ಯಾನಿ ಬಿದ್ದಾವರನ್ನ ಹೊತಗೊಂಡು ಓಡಾಕೂ ಬರತೈತಿ. ಅದಕ್ಕ ಕೇಳ್ತೀನಿ."

ಅಪ್ಪ ತನ್ನ ಬೆನ್ನು ಸವರಿಕೊಂಡು ಆ ತಿರುವನ್ನೇ ನೋಡುತ್ತ ನಿಂತಿದ್ದ. ಮೊದಲು ಬಿಟ್ಟುಕೊಟ್ಟವನೂ ಅವನೇ. "ಕಮಾನು ಬ್ಯಾಡ ಬಿಡ್ರಿ" ಎಂದ. ಗೌಂಡಿ ಗಡ್ಡ ಕೆರೆದು, ಮೆಟ್ಟಿಲು ಹೊರಗೆ ಹೋದರೆ ಇರುವ ಗೋಡೆಗೇ ಆನಿಸಿ ಕಟ್ಟುತ್ತೇನೆ, ನನ್ನ ಕೂಲಿಯೂ ಇಳಿಯುತ್ತದೆ, ಇಳಿಯಲಿ ಎಂದ. ಅಡುಗೆಮನೆ, ಬಚ್ಚಲು ಒಂದೇ ಗೋಡೆಗೆ ಬಂದರೆ ಅರ್ಧ ಪೈಪು ಉಳಿಯುತ್ತದೆ ಎಂದ ನಲ್ಲಿಯವನು. ಬಳುಕುವ ಮೆಟ್ಟಿಲನ್ನು ನಾನು ನನ್ನ ಕಾಲಿನಿಂದಲೇ ಅಳಿಸಿದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಹೊತ್ತು ಇಳಿಯುವಾಗ ಅಂದಾಜು ಗಂಟಿನೊಳಗೆ ಬಂದು ಕೂತಿತ್ತು, ಅಡುಗೆಮನೆ ಮೊದಲಿಗಿಂತ ದೊಡ್ಡದಾಗಿತ್ತು, ನಡುಮನೆಗೆ ಹೋಗುವ ತಿರುವು ಅಗಲವಾಗಿತ್ತು. ಬೆಳಿಗ್ಗೆ ಜಗಳಾಡಿದವರೇ ಗೆರೆಗಳ ನಡುವೆ ಓಡಾಡಿ "ಇಲ್ಲಿ ಕಿಟಕಿ ಬರ್ಲಿ, ಗಾಳಿ ಭಾಳ ಚಲೋ" ಎನ್ನುತ್ತಿದ್ದರು. ಮೇಡಂ ಬಾಯಿ ಮುಚ್ಚಿಕೊಂಡು ಚಹಾ ಕುಡಿಯುತ್ತಿದ್ದರು. ಒಂದು ಇಟ್ಟಿಗೆಯಿಲ್ಲದೆ ಅವರು ಮನೆ ಎಬ್ಬಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಮನೆ ಎಲ್ಲೂ ನಿಲ್ಲದೆ ಮುಗಿಯಿತು. ಗೃಹಪ್ರವೇಶದ ದಿನ ಮೇಡಂ ಅಡುಗೆಮನೆಯಲ್ಲಿ ಅವ್ವನ ಬಿಸಿರೊಟ್ಟಿ ತಿಂದರು. ಹೆಣದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಗ ಹೊಸಪೇಟೆಯಲ್ಲಿ ನನ್ನದೇ ಒಂದು ಚಿಕ್ಕ ಕಚೇರಿಯಿದೆ. ಮನೆ ಕಟ್ಟಿಸುವವರನ್ನೂ ಕೆಲಸದವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸುತ್ತೇನೆ, ಮೊದಲು ಗಂಟು ಕೇಳುತ್ತೇನೆ, ಕೊನೆಗೆ ಆ ಪ್ರಶ್ನೆಯನ್ನೂ ಕೇಳಿ ಬೈಸಿಕೊಳ್ಳುತ್ತೇನೆ. ಸುಣ್ಣದ ಗೆರೆಯೂ ಎಳೆಯುತ್ತೇನೆ. ನನಗೆ ದಾರ ಬೇಕು.

ಹೋದ ವರ್ಷ ಒಂದು ಭಾನುವಾರ ಮೇಡಂ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂಟಿ ಜೀವ. ಕಂಪ್ಲಿಯಿಂದ ಅವರ ತಮ್ಮ ಬಂದು ಊರಿಗೆ ಒಯ್ಯಬೇಕು, ಅವನು ಬರುವುದು ಸಂಜೆ. ಅಲ್ಲಿಯವರೆಗೆ ಅವರನ್ನು ಇಡಲು ಆಂಬುಲೆನ್ಸ್ ಅವರ ಬಾಡಿಗೆ ಮನೆಯ ಮುಂದೆ ಬಂದು ನಿಂತಿತು. ಮೇಡಂ ಇದ್ದದ್ದು ಮಹಡಿಯ ಮೇಲೆ. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ ಕಬ್ಬಿಣದ ಸುತ್ತುಮೆಟ್ಟಿಲು. ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ತಮ್ಮ ಮನೆಗೆ ಕೇಳಿಕೊಂಡಿರಲಿಲ್ಲ. ಅರ್ಧ ಊರು ಕಟ್ಟಿದ ಅವರ ಶಿಷ್ಯರೆಲ್ಲ ಆ ಮೆಟ್ಟಿಲ ಕೆಳಗೆ ದಿಕ್ಕು ತೋಚದೆ ನಿಂತೆವು.

ನಾನು ಅವ್ವನಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಲೂ ಇಲ್ಲ. "ನಮ್ಮನಿಗೆ ಕರ್ಕೊಂಡು ಬರ್ರಿ" ಎಂದಳು.

ನಾವು ಹೋದಾಗ ಪಕ್ಕದ ಮನೆಯಾಕೆ ಅಂಗಳದಲ್ಲಿ ನಿಂತು ಅವ್ವನನ್ನು ತಡೆಯುತ್ತಿದ್ದಳು. "ಮಂದಿ ಹೆಣಾನ ಮನಿ ಒಳಗ ತರ್ತಾರೇನಬೇ? ಬುದ್ಧಿ ಐತಿಲ್ಲ ನಿನಗ?"

ಅವ್ವ ನಡುಮನೆ ಗುಡಿಸಿ ಚಾಪೆ ಹಾಸಿ ಬಂದಿದ್ದಳು. "ಈ ಮನ್ಯಾಗ ಅವ್ರು ಗೆರಿ ಎಳೀಲಾರದ ಒಂದು ಗ್ವಾಡಿ ತೋರ್ಸು, ಹಂಗಿದ್ರ ಒಳಗ ತರೂದಿಲ್ಲ" ಎಂದವಳು ಬಾಗಿಲಿನ ಎರಡೂ ಕದ ತೆರೆದಳು.

ಹೊತ್ತವರು ಅಂದು ಬೆಂಚು ಎತ್ತಿದ್ದ ಅದೇ ನಾಲ್ವರು. ಈಗ ಒಬ್ಬೊಬ್ಬರೂ ಹೊಟ್ಟೆ ಬಂದ ಗುತ್ತಿಗೆದಾರರು. ತಿರುವಿಗೆ ಬಂದಾಗ ನಾಲ್ವರೂ ತಾವಾಗಿಯೇ ನಿಂತರು. ಮುಂದಿದ್ದವನು ಓರೆ ಮಾಡಲು ಹೆಗಲು ತಗ್ಗಿಸಿದ.

"ಬ್ಯಾಡಪಾ," ಎಂದಳು ಅವ್ವ. "ಓರಿ ಮಾಡಬ್ಯಾಡ್ರಿ. ಜಾಗಾ ಐತಿ."

ಮೇಡಂ ನೆಟ್ಟಗೆ ಒಳಗೆ ಬಂದರು.