ತಪಾಸಣೆಯಲ್ಲಿ ಸಿಕ್ಕಿಬಿದ್ದ ಮೊಸರು

"ಮೊಸರು ಒಳಗ ಬಿಡೂದಿಲ್ರಿ ಸರ," ಎಂದರು ಬೆಳಗಾವಿ ವಿಮಾನ ನಿಲ್ದಾಣದ ತಪಾಸಣೆಯವರು. ದಾರಿಯಲ್ಲಿ ಉಪವಾಸ ಬೀಳುತ್ತೇನೆಂದು ವಾರದಿಂದ ಹೆದರಿದವನು ನಾನೇ. ಅದಕ್ಕೇ ಖಾನಾಪುರದ ಅಕ್ಕ ನಸುಕಿನಲ್ಲೆದ್ದು ಬುತ್ತಿ ಕಟ್ಟಿದ್ದಳು. ರೊಟ್ಟಿ, ಶೇಂಗಾ ಹಿಂಡಿ ಪಾರಾದವು. ಡಬ್ಬಿ ತುಂಬ ಇದ್ದ ಎಮ್ಮೆ ಮೊಸರು ಮಾತ್ರ ಕಸದ ಬುಟ್ಟಿಗೆ ಹೋಗಬೇಕಂತೆ.

"ಹೊಟ್ಟ್ಯಾಗ ಒಯ್ದರ?"

"ಅದಕ್ಕ ನಮ್ದೇನ ತಕರಾರಿಲ್ರಿ. ಲಗೂನ ಉಣ್ರಿ."

ಬಸ್ಸಿಗೂ ತಾಸು ಮೊದಲೇ ಹೋಗಿ ನಿಲ್ಲುವ ನಾನು ಅಲ್ಲೇ ಬಾಜೂ ಕುರ್ಚಿಯಲ್ಲಿ ಕೂತು ಬುತ್ತಿ ಬಿಚ್ಚಿದೆ. ವಿಮಾನ ಹತ್ತಲು ಕರೆ ಬಂತು. ಜೊತೆಗೆ ಹೊರಟಿದ್ದ ಹೆಂಡತಿ ಅಂಗಿ ಜಗ್ಗಿದಳು. "ಏಳ್ರಿ, ಬಿಟ್ಟು ಹೋಗ್ತೈತಿ."

"ಹೋಗಲಿ," ಎಂದು ಎರಡನೇ ರೊಟ್ಟಿ ಮುರಿದೆ. "ಅಕ್ಕನ ಮೊಸರು ಬುಟ್ಟಿಗೆ ಹಾಕಾಂವಲ್ಲ ನಾ."

ಆಕೆ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ನನ್ನ ನೋಡಿದಳು. ಆಮೇಲೆ ಕುಂತಳು.

"ಹಂಗಾರ ಡಬ್ಬಿ ಈ ಕಡೆ ಸರಸ್ರಿ."